ಎಫ್ ಸೆವೆನ್ ಉರ್ಫ್ ಲಿಂಬೆಗಿಡ

ಅಕ್ಟೋಬರ್ 21, ಸೋಮವಾರ

ಈ ದಿನಚರಿ ಪುಸ್ತಕವನ್ನು ಗೊಬ್ಬರದ ಅಂಗಡಿಯವರು ಜನವರಿಯಲ್ಲಿ ಕೊಟ್ಟಿದ್ದರು. ಹತ್ತು ತಿಂಗಳು ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದೆ. ಇವತ್ತು ಭರಣಿ ಬದಿಗಿಟ್ಟು ಬರೆಯಲು ಕುಳಿತಿದ್ದೇನೆ, ಏಕೆಂದರೆ ನನಗೆ ಸಿಟ್ಟು ಬಂದಿದೆ, ಬಂದ ಸಿಟ್ಟನ್ನು ಯಾರ ಮೇಲೂ ಹಾಕುವ ಹಾಗಿಲ್ಲ. ಮನೆಯಲ್ಲಿ ಎಂಬತ್ತೆರಡು ವರ್ಷದ ಅತ್ತೆ ವೆಂಕೂಬಾಯಿಯವರು, ಅವರ ಮುಂದೆ ದನಿ ಏರಿಸುವಂತಿಲ್ಲ. ಕಚೇರಿಯಲ್ಲಿ ಅಧ್ಯಕ್ಷರು. ಗಂಡನ ಮೇಲೆ ಹಾಕೋಣವೆಂದರೆ ಇವರು ಬೆಳಿಗ್ಗೆ ಏಳರ ಬಸ್ಸಿಗೆ ಇಂಡಿ ಬಿಟ್ಟು ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಜೆಗೆ ಬರುತ್ತಾರೆ. ಮನೆಯಲ್ಲಿ ಜಗಳದ ವಾಸನೆ ಬಂದರೆ ರವಿವಾರವೂ ಇವರಿಗೆ ಸಿಂದಗಿಯಲ್ಲಿ ಕೆಲಸ ಹುಟ್ಟುತ್ತದೆ. ಇವರ ಹೆಸರನ್ನು ಬಾಯಿಂದ ಹೇಳುವ ಹಾಗಿಲ್ಲ, ಬರೆಯಲು ಅಡ್ಡಿಯಿಲ್ಲ ಎಂದು ಅತ್ತೆಯವರೇ ನನಗೆ ಕಲಿಸಿದ್ದಾರೆ. ನಾರಾಯಣ. ಬರೆದೆ.

ನಿನ್ನೆ ಬಸವನ ಬಾಗೇವಾಡಿಯಲ್ಲಿ ಮಗ ಧೀರೇಂದ್ರನ ನಿಶ್ಚಯ ಇತ್ತು. ಅವನು ಆಲಮಟ್ಟಿಯಲ್ಲಿ ಕಾಲುವೆ ಕಚೇರಿಯಲ್ಲಿದ್ದಾನೆ. ಕೇಳಿದವರಿಗೆಲ್ಲ ಅತ್ತೆಯವರು "ದೊಡ್ಡ ಹೊಳಿ ಆಫೀಸಿನ್ಯಾಗ ಇದ್ದಾನ" ಎನ್ನುತ್ತಾರೆ. ಹೊಳೆಯ ಹೆಸರು ಹಿಡಿದು ಕೃಷ್ಣಾ ಎಂದು ಅವರು ಅನ್ನುವುದಿಲ್ಲ, ಯಾಕೆಂದರೆ ಅವರ ಮಾವನ ಹೆಸರು ಕೃಷ್ಣಾಜಿ. ಹಿರಿಯರ ಹೆಸರು ಈ ಮನೆಯ ಹೆಣ್ಣುಮಕ್ಕಳ ಬಾಯಲ್ಲಿ ಬರಬಾರದು. ದೇವರ ಮುಂದೆ ಕೂತರೂ ಅವರದು ಗೋಪಾಲಾ, ಗೋವಿಂದಾ. ಮೂವತ್ತೊಂದು ವರ್ಷದಿಂದ ನಾನೂ ಹಾಗೆಯೇ ಮಾಡುತ್ತ ಬಂದಿದ್ದೇನೆ.

ಹುಡುಗಿ ಮೃಣಾಲಿನಿ ಬಾಗೇವಾಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಲಕ್ಷಣವಾಗಿದ್ದಾಳೆ. ಬಡಿಸುವಾಗ ಎರಡನೆಯ ಸಲ ಕೇಳಿ ಬಡಿಸಿದಳು, ನನ್ನ ಮನಸ್ಸಿಗೆ ಬಂದಿದ್ದಳು. ಊಟವಾದ ಮೇಲೆ ಅತ್ತೆಯವರು ಎಲ್ಲರ ಮುಂದೆ, "ಮದುವಿ ಹೆಸರ ಭಾಗೀರಥಿ ಅಂತ ಇಡೂಣು. ನಮ್ಮ ಅತ್ತಿ ಹೆಸರಲೇ ಬರೀಲಿಕ್ಕೆ ಹೇಳ್ರಿ" ಅಂದರು. ಅತ್ತೆಯ ಹೆಸರನ್ನು ಮಾತ್ರ ಅವರು ಧಾರಾಳವಾಗಿ ಹೇಳುತ್ತಾರೆ, ಆ ಅತ್ತೆ ಅವರಿಗೆ ಅಷ್ಟು ಕಾಡಿದ್ದರಂತೆ. ನಮ್ಮ ಮನೆತನದಲ್ಲಿ ಇದು ಪದ್ಧತಿ. ತಾಳಿಯಾದ ಮೇಲೆ ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಮದುಮಗ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅವತ್ತಿನಿಂದ ಅವಳಿಗೆ ಅದೇ ಹೆಸರು.

ಹುಡುಗಿ ತಲೆ ಎತ್ತಿ, "ಅಜ್ಜಿ, ನನಗ ಹೆಸರ ಅದರಿ" ಅಂದಳು.

ಮೆತ್ತಗೇ ಅಂದಳು. ಆದರೆ ಪಡಸಾಲೆಯಲ್ಲಿ ಅಡಕೊತ್ತಿನ ಸಪ್ಪಳ ನಿಂತುಹೋಯಿತು. ಅವಳ ತಂದೆ ಮಧ್ಯೆ ಬಂದು, "ಡಿಸೆಂಬರ್ ಐದಕ್ಕ ಮುಹೂರ್ತ. ಅಷ್ಟರಾಗ ಇದೊಂದು ಮಾತು ಬಗೀಹರೀಲಿ. ಬಗೀಹರೀದಿದ್ರ ಮುಂದ ಹೆಂಗ ಹೋಗೂದು?" ಅಂದರು.

ಹೆಸರು ಬದಲಾದರೆ ಏನು ಸವೆಯುತ್ತದೆ? ನಾನು ಮುದ್ದೇಬಿಹಾಳದಲ್ಲಿ ಇಪ್ಪತ್ತೆರಡು ವರ್ಷ ಸುವರ್ಣಾ ಆಗಿದ್ದೆ. ನಾರಾಯಣನ ಹೆಂಡತಿ ಲಕ್ಷ್ಮಿಯೇ ಆಗಬೇಕು ಎಂದು ರಮಾಬಾಯಿ ಮಾಡಿದರು, ಆದೆ. ನನ್ನದೇನು ಸವೆಯಿತು? ಇವಳೂ ಆಗಲಿ. ರೂಢಿಯಾಗಲೆಂದು ಈ ಪುಸ್ತಕದಲ್ಲಿ ಇವತ್ತಿನಿಂದಲೇ ಅವಳನ್ನು ಭಾಗೀರಥಿ ಎಂದು ಬರೆಯುತ್ತೇನೆ.

ಅಕ್ಟೋಬರ್ 23, ಬುಧವಾರ

ಮನೆಯ ತಾಪ ಸಾಲದೆಂದು ಇವತ್ತು ಕಚೇರಿಯದೂ ಬಂತು.

ನಮ್ಮ ಲಿಂಬೆ ಬೆಳೆಗಾರರ ಸಂಘದ ಕಂಪ್ಯೂಟರ್ ನೋಡುತ್ತಿದ್ದ ಇಜಾಜ ಕೆಲಸ ಬಿಟ್ಟು ಕಲಬುರಗಿಗೆ ಹೋದ. ಅವನು ಮಾಡಿಟ್ಟ ಒಂದು ಬಟನ್ ಒತ್ತಿದರೆ ಸದಸ್ಯರ ಪಟ್ಟಿ ಬರುತ್ತಿತ್ತು. ಅವನು ಹೋದ ವಾರವೇ ಬಟನ್ ಕೆಟ್ಟಿತು. ಫೋನ್ ಮಾಡಿದರೆ, "ಬಾಯಾರ, ಕರಿ ಕಿಟಕಿ ತಗೀರಿ, ಎಸ್‌ಕ್ಯೂಎಲ್‌ನ್ಯಾಗ ಕೇಳ್ರಿ. ಎಲ್ಲಾ ಟೇಬಲ್‌ನ್ಯಾಗ ಐತಿ" ಎಂದ. ಕರಿ ಕಿಟಕಿ ಎಂದರೆ ಅಪ್ಪಣೆ ಬರೆಯುವ ಕಪ್ಪು ತೆರೆ, ಎಸ್‌ಕ್ಯೂಎಲ್ ಎಂದರೆ ಕಂಪ್ಯೂಟರಿನೊಳಗಿನ ಪಟ್ಟಿಗೆ ಪ್ರಶ್ನೆ ಕೇಳುವ ಭಾಷೆಯಂತೆ. ಇಪ್ಪತ್ತನಾಲ್ಕು ವರ್ಷ ಈ ಸಂಘದಲ್ಲಿ ಗುಮಾಸ್ತಿಕೆ ಮಾಡಿದ್ದೇನೆ, ಪಟ್ಟಿಗೆ ಪ್ರಶ್ನೆ ಕೇಳುವ ಹೊತ್ತು ಬಂದಿರಲಿಲ್ಲ.

ಅಧ್ಯಕ್ಷ ಪರಸಪ್ಪನವರು ಬಂದು ಮೇಜಿನ ಮೇಲೆ ಕೈಯೂರಿ ನಿಂತರು. "ನವೆಂಬರ್ ಇಪ್ಪತ್ತೆಂಟಕ್ಕ ಸಭಾ ಐತಿ. ಪಟ್ಟಿ ಬೇಕ ಬೇಕು. ಹೋದ ವರ್ಷದಂಗ ಆದ್ರ ಈ ಸಲ ನನ್ನ ಖುರ್ಚಿ ಉಳಿಯಂಗಿಲ್ಲ ನೋಡ್ರಿ."

ಹೋದ ವರ್ಷದ್ದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ಇಜಾಜ ಟೇಬಲ್ಲಿನ ಕಾಲಮ್ಮುಗಳಿಗೆ ಎಫ್ ಒನ್, ಎಫ್ ಟು ಎಂದು ಹೆಸರಿಟ್ಟಿದ್ದ. ಎಫ್ ಟು ಸದಸ್ಯರ ಹೆಸರು, ಎಫ್ ಫೈವ್ ಊರು, ಎಫ್ ಸೆವೆನ್ ಲಿಂಬೆಗಿಡಗಳ ಸಂಖ್ಯೆ. ಪಟ್ಟಿ ಅದೇ ತಲೆಬರಹಗಳೊಂದಿಗೆ ಮುದ್ರಣವಾಗಿ ಸಭೆಯಲ್ಲಿ ಹಂಚಿ ಹೋಯಿತು. ಎಫ್ ಸೆವೆನ್ ಎಂದರೆ ವಯಸ್ಸು ಎಂದು ಯಾರೋ ಎದ್ದು ಹೇಳಿದರು. ನಾನೂರಾ ಹತ್ತು ಗಿಡದ ಮುತ್ತು ಎದ್ದು ನಿಂತು, "ನಾ ಏನ್ ಭೂತ ಅದೇನ್ರೀ?" ಎಂದ. ಗದ್ದಲದಲ್ಲಿ ಸಭೆ ಎದ್ದುಹೋಯಿತು. ಶೇವಂತೆವ್ವನಿಗೆ ಎಪ್ಪತ್ತೈದು ಗಿಡ, ವಯಸ್ಸೂ ಎಪ್ಪತ್ತೈದೇ. ಅವಳೊಬ್ಬಳು ಮಾತ್ರ "ನಂದು ಬರೋಬರಿ ಐತಿ" ಎನ್ನುತ್ತ ಖುಷಿಯಿಂದ ಮನೆಗೆ ಹೋದಳು.

"ನಿಮ್ಮ ಸೊಸಿ ಆಗಾಕಿ ಕಂಪ್ಯೂಟರ್ ಕಲಿಸ್ತಾಳಂತಲ್ಲ. ಕೇಳ್ರಿ ಆಕಿಗೆ" ಎಂದು ಪರಸಪ್ಪನವರು ಹೋದರು.

ಯಾರನ್ನಾದರೂ ಕೇಳೇನು, ಅವಳನ್ನು ಕೇಳುವುದಿಲ್ಲ.

ಅಕ್ಟೋಬರ್ 24, ಗುರುವಾರ

ಕೇಳಲಿಲ್ಲ. ಕರಿ ಕಿಟಕಿಯಲ್ಲಿ ಕನ್ನಡದಲ್ಲಿ "ಸದಸ್ಯರ ಪಟ್ಟಿ ಕೊಡು" ಎಂದು ಬರೆದೆ. ಬೈಗುಳದಂಥ ಏನೋ ಒಂದು ಸಾಲು ಬಂತು. ಅದು ಇಂಗ್ಲಿಷಿನಲ್ಲಿದ್ದದ್ದರಿಂದ ಬಚಾವಾದೆ.

ಅಕ್ಟೋಬರ್ 27, ರವಿವಾರ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಅವಳನ್ನು ಕಾಯುತ್ತ ಕುಳಿತಿದ್ದೆ. ಕಡೆಗೆ ಕೊಡ ಹಿಡಿದುಕೊಂಡು ಹೋದವಳು ನಾನೇ.

ಫೋನ್ ಎತ್ತಿದ ಭಾಗೀರಥಿ ಹೆಸರಿನ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಎಫ್ ಸೆವೆನ್ ಕಥೆ ಹೇಳಿದೆ. ಶೇವಂತೆವ್ವನ ಹತ್ತಿರ ಬಂದಾಗ ನಗಲಿಕ್ಕೆ ಶುರುಮಾಡಿದಳು, ಎರಡು ನಿಮಿಷ ನಿಲ್ಲಿಸಲಿಲ್ಲ. ಅವಳು ನಕ್ಕದ್ದಕ್ಕೆ ನನಗೂ ನಗು ಬಂತು. ಬರಬಾರದಿತ್ತು.

"ಅತ್ತಿ, ಇದಕ್ಕ ಟೇಬಲ್ ಮುಟ್ಟೂದು ಬ್ಯಾಡ್ರಿ. ಎಫ್ ಸೆವೆನ್ ಮುಂದ ಆ್ಯಸ್ ಅಂತ ಬರದು ನಿಮಗ ಬೇಕಾದ ಹೆಸರ ಹಾಕ್ರಿ. ಪಟ್ಟಿಯೊಳಗ ಅದ ಕಾಣ್ತದ."

"ಆ್ಯಸ್ ಅಂದ್ರ ಏನು?"

ಸ್ವಲ್ಪ ಯೋಚಿಸಿದಳು. "ಉರ್ಫ್ ಅನ್ನಂಗಿಲ್ಲೇನ್ರಿ? ಹೊಲದ ಉತಾರದಾಗ ಬರ್ತದಲ್ಲ, ಪರಸಪ್ಪ ಉರ್ಫ್ ಪರಶುರಾಮ ಅಂತ? ಅದ ಇದು. ಎಫ್ ಸೆವೆನ್ ಉರ್ಫ್ ಗಿಡ."

ಇದನ್ನು ಮೊದಲೇ ಹೇಳಬಾರದಿತ್ತೇ? ಉರ್ಫ್ ನನಗೆ ಗೊತ್ತಿಲ್ಲವೇ? ಸಂಘದ ಕೆಲಸಕ್ಕೆ ಸೇರುವಾಗ ಅಂಕಪಟ್ಟಿಯಲ್ಲಿ ಸುವರ್ಣಾ, ಮದುವೆ ಕಾಗದದಲ್ಲಿ ರಮಾಬಾಯಿ ಎಂದು ಇದ್ದು, ನೋಟರಿಯ ಮುಂದೆ ನಿಂತು "ಸುವರ್ಣಾ ಉರ್ಫ್ ರಮಾಬಾಯಿ ಎಂಬ ನಾನು ಒಬ್ಬಳೇ ವ್ಯಕ್ತಿಯಾಗಿರುತ್ತೇನೆ" ಎಂದು ಪ್ರಮಾಣ ಮಾಡಿದ್ದೆ. ನಾನು ಒಬ್ಬಳೇ ಎಂದು ನಾನೇ ಆಣೆ ಮಾಡಬೇಕಾಗಿ ಬಂದದ್ದಕ್ಕೆ ಅವತ್ತು ನಗು ಬಂದಿತ್ತು.

ಎಫ್ ಸೆವೆನ್ ಉರ್ಫ್ ಗಿಡ. ರವಿವಾರವಾದರೂ ಕಚೇರಿಗೆ ಹೋಗಿ ಬರೆದೆ, ಬಂತು. ತಲೆಬರಹದಲ್ಲಿ ಅಚ್ಚ ಕನ್ನಡದಲ್ಲಿ "ಗಿಡ" ಎಂದು ಕಂಡಾಗ ಕುರ್ಚಿಯಿಂದ ಎದ್ದುಬಿಟ್ಟೆ. ಗಿಡಗಳ ಸಂಖ್ಯೆ ಎಂದು ಎರಡು ಪದ ಹಾಕಲು ಹೋದರೆ ನಡುವಿನ ಜಾಗಕ್ಕೆ ತಕರಾರು ಮಾಡಿತು. ಎರಡು ಪದವಿದ್ದರೆ ಆಚೆ ಈಚೆ ಗುರುತು ಹಾಕಿ ಕಟ್ಟಬೇಕಂತೆ. ಒಂದೇ ಪದ ಸಾಕು ಎಂದು ಬಿಟ್ಟೆ.

ಅಕ್ಟೋಬರ್ 29, ಮಂಗಳವಾರ

ಇವತ್ತು ತಾಲೂಕಿನ ಲಿಂಬೆಗಿಡಗಳೆಲ್ಲ ಮಾಯವಾದವು.

ಉರ್ಫ್ ಹಾಕದೆ ಮೂರು ಕಾಲಮ್ಮು ಕೇಳಿದರೆ ಎರಡೇ ಬಂದವು. ಎಫ್ ಸೆವೆನ್ ಎಂಬ ತಲೆಬರಹದ ಕೆಳಗೆ ಊರುಗಳ ಹೆಸರು. ಗಿಡಗಳ ಸುಳಿವಿಲ್ಲ. ಸಿಪಾಯಿ ಮಾಳಿಂಗ ಕಸ ಹೊಡೆಯುವಾಗ ವೈರ್ ಕಿತ್ತಿರಬೇಕೆಂದು ಅವನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡೆ. ಪಾಪ, ಅವನು ಎಲ್ಲ ವೈರುಗಳನ್ನೂ ಕಿತ್ತು ಒರೆಸಿ ಮತ್ತೆ ಹಾಕಿದ. ಸಂಜೆ ಮೃಣಾಲಿನಿಗೆ ಫೋಟೋ ಕಳಿಸಿದೆ.

"ಅತ್ತಿ, ಎಫ್ ಫೈವ್ ಆದ ಮ್ಯಾಲ ಕಾಮಾ ಬಿಟ್ಟೀರಿ. ಆ್ಯಸ್ ಬರೀದಿದ್ರೂ ಅದಕ್ಕ ನಡೀತದ. ಕಾಮಾ ಇಲ್ಲಂದ್ರ ಎಫ್ ಸೆವೆನ್ನನ್ನ ಎಫ್ ಫೈವಿನ ಉರ್ಫ್ ಅಂತ ತಿಳಕೋತದ."

ಒಂದು ಕಾಮಾಕ್ಕೆ ಒಂದೂವರೆ ಲಕ್ಷ ಗಿಡ ಹೋಗಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಮಾಳಿಂಗನಿಗೆ ಬೈದಿದ್ದೆ. ನಾಳೆ ದೀಪಾವಳಿ ಖುಷಿ ಎಂದು ಅವನಿಗೆ ಒಂದು ಡಬ್ಬಿ ಚಕ್ಕುಲಿ ಕೊಡಬೇಕು. ಕಾರಣ ಹೇಳುವುದಿಲ್ಲ.

ನವೆಂಬರ್ 6, ಬುಧವಾರ

ದೀಪಾವಳಿ ಮುಗಿಯಿತು. ಹಬ್ಬದಲ್ಲಿ ಧೀರೇಂದ್ರ ಬಂದಿದ್ದ. ಹೆಸರಿನ ವಿಷಯದಲ್ಲಿ ನಿನ್ನ ಮಾತೇನು ಎಂದು ಕೇಳಿದರೆ, "ನೀವೆಲ್ಲಾ ಏನ ಹೇಳ್ತೀರಿ ಅದನ್ನ ಬರೀತೀನಿ" ಎಂದು ಬೆಳಗಿನ ಬಸ್ಸಿಗೆ ಆಲಮಟ್ಟಿಗೆ ಹೋದ. ಅಪ್ಪನಿಗೆ ತಕ್ಕ ಮಗ.

ಇವತ್ತಿನ ಪಾಠ ಕಚೇರಿ ಬಿಟ್ಟ ಮೇಲೆ ಮನೆಯ ಅಡುಗೆಮನೆಯಲ್ಲಿ ನಡೆಯಿತು. ಕೈಯಲ್ಲಿ ಹಿಟ್ಟಿದ್ದದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಇನ್ನೂರಕ್ಕಿಂತ ಹೆಚ್ಚು ಗಿಡ ಇದ್ದವರದೇ ಬೇರೆ ಪಟ್ಟಿ ಬೇಕು ಎಂದಿದ್ದರು ಪರಸಪ್ಪನವರು. ನಾನು "ವೇರ್ ಗಿಡ ಹೆಚ್ಚು ಇನ್ನೂರು" ಎಂದು ಬರೆದಿದ್ದೆ. ಗಿಡ ಎಂಬ ಕಾಲಮ್ಮೇ ನನಗೆ ಗೊತ್ತಿಲ್ಲ ಎಂದಿತು. ಮೊನ್ನೆ ತಾನೇ ತಲೆಬರಹದಲ್ಲಿ ಹಾಕಿ ತೋರಿಸಿದ್ದು ಇವತ್ತು ಗೊತ್ತಿಲ್ಲವೆಂದರೆ ಸಿಟ್ಟು ಬರುವುದಿಲ್ಲವೇ?

"ಅದು ನಾವು ಬರದ ಕ್ರಮದಾಗ ಓದೂದಿಲ್ರಿ" ಎಂದಳು ಮೃಣಾಲಿನಿ. "ಮೊದಲ ಫ್ರಮ್, ಅಂದ್ರ ಯಾವ ಟೇಬಲ್ ಅಂತ ನೋಡ್ತದ. ಆಮ್ಯಾಲ ವೇರ್, ಯಾರ್ಯಾರು ಬೇಕು ಅಂತ ಹುಡುಕ್ತದ. ಆಮ್ಯಾಲ ಸೆಲೆಕ್ಟ್, ಅಲ್ಲಿ ಉರ್ಫ್ ಇಡ್ತದ. ಕಡೀಕ ಆರ್ಡರ್ ಬೈ, ಅಂದ್ರ ಯಾರು ಮೊದಲ, ಯಾರು ಹಿಂದ. ವೇರ್ ನಡಿಯೂ ಮುಂದ ಉರ್ಫ್ ಇನ್ನೂ ಹುಟ್ಟೇ ಇರೂದಿಲ್ಲ."

ನನ್ನ ತಲೆಗೆ ಹೋಗಲಿಲ್ಲ. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅತ್ತೆಯವರು ತಲೆ ಎತ್ತದೆ ಹೇಳಿದರು: "ಇಷ್ಟು ತಿಳೀವಲ್ದೇನು ರಮಾ? ಮೊದಲ ಯಾವ ಮನಿ ಅಂತ ಕೇಳ್ತಾರ. ಆಮ್ಯಾಲ ಹುಡುಗಿ ನೋಡ್ತಾರ. ಹೆಸರ ಇಡೂದು ಮದುವ್ಯಾಗ. ಪಂಕ್ತಿಯೊಳಗ ಎಲ್ಲಿ ಕೂಡಸೂದು ಅಂಬೂದು ಎಲ್ಲಾ ಆದ ಮ್ಯಾಲ. ಹುಡುಗಿ ನೋಡೂ ಮುಂದ ಮದುವಿ ಹೆಸರ ಹೇಳಿ ಕೇಳಿದ್ರ ಯಾರಿಗೆ ಗೊತ್ತಿರ್ತದ?"

ಫೋನಿನಲ್ಲಿ ಮೃಣಾಲಿನಿ, "ಅಜ್ಜಿ, ನಮ್ಮ ಹುಡುಗೂರಿಗೆ ಇದನ್ನ ಕಲಸಲಿಕ್ಕೆ ನನಗ ಮೂರು ಕ್ಲಾಸ್ ಹಿಡೀತದ್ರಿ" ಎಂದಳು.

ಅತ್ತೆಯವರು ಮುಂದಿನ ನಾಲ್ಕು ಹೂಬತ್ತಿ ಭರದಿಂದ ಹೊಸೆದರು. ನಾನು ಪಾಠವನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಮರೆಯಬಾರದು:

SELECT f2 AS ಹೆಸರು, f5 AS ಊರು, f7 AS ಗಿಡ FROM members WHERE f7 > 200 ORDER BY ಗಿಡ DESC;

ಹುಡುಕುವಾಗ ಹುಟ್ಟಿದ ಹೆಸರು. ಸಾಲಿನಲ್ಲಿ ನಿಲ್ಲಿಸುವಾಗ ಇಟ್ಟ ಹೆಸರು ನಡೆಯುತ್ತದೆ.

ಇದನ್ನು ಬರೆಯುವಾಗ ಸೈದಾಬಿ ನೆನಪಾದಳು. ಮುದ್ದೇಬಿಹಾಳದಲ್ಲಿ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವಳು. ನನ್ನ ಮದುವೆಯಾದ ಮರುವರ್ಷ ಅವಳ ಮದುವೆ ಗೊತ್ತಾಗಿ, ಕಾರ್ಡು ಕೊಡಲು ಇಂಡಿಗೆ ಬಂದು, ವಿಳಾಸ ಹುಡುಕಿ, ನಮ್ಮ ಬಾಗಿಲಲ್ಲಿ ನಿಂತು "ಸುವರ್ಣಾ ಅದಾಳೇನ್ರಿ?" ಎಂದು ಕೇಳಿದ್ದಳಂತೆ. "ಆ ಹೆಸರಿನಾಕಿ ಇಲ್ಲಿ ಯಾರೂ ಇಲ್ಲ" ಎಂದು ಅತ್ತೆಯವರು ಕಳಿಸಿಬಿಟ್ಟಿದ್ದರು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಮೂರು ತಿಂಗಳ ಮೇಲೆ ತವರಿಗೆ ಹೋದಾಗ ವಿಷಯ ಗೊತ್ತಾಯಿತು. ಅಷ್ಟರಲ್ಲಿ ಅವಳು ಗಂಡನ ಜೊತೆ ಎಲ್ಲಿಗೋ ಹೋಗಿದ್ದಳು. ಅತ್ತೆಯವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಆ ಹೆಸರು ನಿಜವಾಗಿಯೂ ಮರೆತುಹೋಗಿತ್ತು. ಅದರಿಂದ ನನಗೆ ಇನ್ನೂ ಹೆಚ್ಚು ನೋವಾಯಿತು.

ಮೂವತ್ತು ವರ್ಷದ ಹಿಂದಿನ ಮಾತು. ಈಗ ಯಾಕೆ ಬರೆದೆನೋ.

ನವೆಂಬರ್ 7, ಗುರುವಾರ

ಚಪಾತಿ ಲಟ್ಟಿಸುತ್ತ ಅತ್ತೆಯವರು ಕೇಳಿದರು, "ಇವತ್ತ ಪಾಠ ಎಷ್ಟಕ್ಕ?"

ನವೆಂಬರ್ 14, ಗುರುವಾರ

ಪಾಠಕ್ಕೆ ಈಗ ಇಬ್ಬರು ವಿದ್ಯಾರ್ಥಿಗಳು. ಒಬ್ಬಳಿಗೆ ಕಾಮಾ ಮರೆಯುತ್ತದೆ, ಇನ್ನೊಬ್ಬರಿಗೆ ಯಾವುದೂ ಮರೆಯುವುದಿಲ್ಲ.

ಅಭ್ಯಾಸಕ್ಕೆಂದು ಮೃಣಾಲಿನಿ ತನ್ನ ಕಂಪ್ಯೂಟರಿನಲ್ಲಿ ನಮ್ಮ ಮನೆಯದೇ ಒಂದು ಸಣ್ಣ ಟೇಬಲ್ ಮಾಡಿದಳು. ಎಫ್ ಒನ್ ಹುಟ್ಟಿದ ಹೆಸರು, ಎಫ್ ಟು ಮನೆಯಲ್ಲಿ ಕರೆಯುವ ಹೆಸರು. ನನ್ನದು ಸುವರ್ಣಾ, ರಮಾಬಾಯಿ ಎಂದು ತುಂಬಿದಳು. "ಅಜ್ಜಿ, ನಿಮ್ಮ ಎಫ್ ಟು ವೆಂಕೂಬಾಯಿ. ಎಫ್ ಒನ್ ಏನ್ರಿ?"

ಅತ್ತೆಯವರಿಗೂ ಒಂದು ಎಫ್ ಒನ್ ಇರಬಹುದೆಂದು ನನಗೆ ಈವರೆಗೆ ಹೊಳೆದೇ ಇರಲಿಲ್ಲ. ಕೊಲ್ಹಾರದಿಂದ ಹದಿನೆಂಟನೆಯ ವಯಸ್ಸಿಗೆ ಬಂದವರು ಎಂದಷ್ಟೇ ಗೊತ್ತು. ಅವರು ಬತ್ತಿಯ ಅರಳೆ ನೋಡುತ್ತ, "ಹೇಳೂ ಹಂಗಿಲ್ಲ" ಎಂದರು.

"ಯಾಕ್ರಿ ಅಜ್ಜಿ?"

"ಇಲ್ಲ ಅಂದ್ರ ಇಲ್ಲ. ಖಾಲಿ ಬಿಡು."

"ಖಾಲಿ ಅಂತ ಬರೀಲಿಕ್ಕೆ ಬರೂದಿಲ್ರಿ. ನಲ್ ಅಂತ ಬೀಳ್ತದ. ಹೆಸರೇ ಇಲ್ಲ ಅಂತಲ್ಲ ಅದರ ಅರ್ಥ. ಹೆಸರ ಇದ್ದಿರಬೇಕು, ನಮಗ ಗೊತ್ತಿಲ್ಲ ಅಂತ."

ಅತ್ತೆಯವರು ಅರಳೆಯ ಬುಟ್ಟಿ ಎತ್ತಿಕೊಂಡು ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಸಂಜೆ ಇವರನ್ನು ಕೇಳಿದೆ, ನಿಮ್ಮ ತಾಯಿಯ ತವರಿನ ಹೆಸರೇನು ಎಂದು. ಗಣಿತದ ಮೇಷ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಅವ್ವ ಅಂತ" ಎಂದರು.

ನವೆಂಬರ್ 17, ರವಿವಾರ

ಬಾಗೇವಾಡಿಯಿಂದ ಬೀಗರ ಫೋನು. ಕಾರ್ಡು ಹಂಚುವುದನ್ನು ನಿಲ್ಲಿಸಿದ್ದಾರಂತೆ. "ನಮ್ಮ ಹುಡುಗಿ ಹಟಾ ಬಿಡವಲ್ಲಳು. ನಾವೂ ಬಿಡಸೂದಿಲ್ಲ. ನಿಮ್ಮದೊಂದು ಮಾತು ಬರಲಿ" ಎಂದರು.

ಇವರು ಆ ಹೊತ್ತಿಗಾಗಲೇ ಚೀಲ ಹಿಡಿದು ಸಿಂದಗಿಗೆ ಹೊರಟಿದ್ದರು. ರವಿವಾರ ಯಾವ ಸಾಲಿ ಎಂದು ಬಾಗಿಲಿಗೆ ಅಡ್ಡ ನಿಂತೆ. ಕುಳಿತರು. ಅತ್ತೆಯವರು, "ನಾ ಬದಲಾದೆ, ನೀ ಬದಲಾದಿ, ಆಕಿ ಏನು ಮ್ಯಾಲಿಂದ ಇಳದು ಬಂದಾಳೇನು?" ಎಂದರು. ನಾಲ್ಕು ವಾರದ ಹಿಂದೆ ನಾನೂ ಇದೇ ಮಾತು ಬರೆದಿದ್ದೆ. ಅವರ ಬಾಯಲ್ಲಿ ಕೇಳಿದರೆ ಅದು ಸರಿ ಅನಿಸಲಿಲ್ಲ. ವಯಸ್ಸಾದವರ ಮಾತೇ ಹಾಗೆ.

ಮುಂದೆ ಏನಾಯಿತೆಂದು ನನಗೆ ಪೂರ್ತಿ ನೆನಪಿಲ್ಲ. "ಉರ್ಫ್ ಇಟ್ಟರ ಟೇಬಲ್ ಬದಲಾಗೂದಿಲ್ಲರಿ ಅತ್ತಿ. ಆಕಿ ಹೆಸರ ಆಕಿಗಿರಲಿ ಬಿಡ್ರಿ" ಎಂದು ನಾನು ಲಟ್ಟಣಿಗೆ ಹಿಡಿದುಕೊಂಡು ಜೋರಾಗಿ ಹೇಳಿದೆ ಎಂದು ಇವರು ಆಮೇಲೆ ಹೇಳಿದರು. ಅಷ್ಟು ಜೋರಾಗಿ ನಾನು ಅಂದಿರಲಿಕ್ಕಿಲ್ಲ. ಇವರಿಗೆ ಸ್ವಲ್ಪ ಹೆಚ್ಚು ಮಾಡಿ ಹೇಳುವ ಚಟ ಇದೆ.

ಅತ್ತೆಯವರು ನನ್ನ ಕೈಯಿಂದ ಲಟ್ಟಣಿಗೆ ತೆಗೆದು ಬದಿಗಿಟ್ಟರು. ಕಡೆಗೆ, "ಮದುವ್ಯಾಗ ಅಕ್ಕಿ ತಟ್ಟಿ ನನ್ನ ಕೈಯಾಗ ಇರ್ತದ. ಏನ ಬರಸೂದು ಅವತ್ತ ಹೇಳ್ತೀನಿ. ಅಲ್ಲೀತನಕ ಯಾರೂ ಕೇಳಬ್ಯಾಡ್ರಿ" ಎಂದರು.

ಮೃಣಾಲಿನಿಗೆ ತಿಳಿಸಿದೆ. ಅವಳು ಒಪ್ಪಿದಳು. "ಆದ್ರ ಅತ್ತಿ, ಭಾಗೀರಥಿ ಅಂತ ಬರದ್ರ ನಾ ಮಂಟಪದಿಂದ ಎದ್ದು ಹೋಗಾಕಿ" ಎಂದಳು. ತಾಳಿಯಾದ ಮೇಲೆ ಎಲ್ಲಿಗೆ ಹೋಗುತ್ತೀ ಎಂದರೆ, "ಮನಿಗೆ. ಕಲ್ಯಾಣಮಂಟಪದ ಹಿಂದಿನ ಓಣಿನೇ ನಮ್ಮದು" ಎಂದಳು. ಅಷ್ಟು ಹತ್ತಿರದ ಮಂಟಪ ಗೊತ್ತು ಮಾಡಿದವರು ಯಾರೋ ಏನೋ. ನನಗೆ ನಿಜವಾಗಿ ಹೆದರಿಕೆಯಾಗಿದೆ. ಈ ಹುಡುಗಿ ನಮ್ಮ ಮನೆಗೆ ಬರದೆ ಹೋದರೆ ನಾನು ಅಳುತ್ತೇನೆ.

ನವೆಂಬರ್ 24, ರವಿವಾರ

ಅತ್ತೆಯವರು ಊಟದ ನಡುವೆ ಕೇಳಿದರು, "ಅದು ಇನ್ನೂ ಹಂಗ ಅದ ಏನು? ಆ ನಲ್ಲು."

ಹೌದು ಎಂದೆ. ಮಜ್ಜಿಗೆ ಅನ್ನ ಕಲಸುವುದನ್ನು ಬಿಟ್ಟು, "ಕೊಲ್ಹಾರದಾಗ ನನ್ನ ಹೆಸರ ಹಿಡದು ಕರಿಯೂ ಮಂದಿ ಇದ್ರು. ಅವರೂ ಹೋದ್ರು. ಹಳೇ ಊರ ಸೈತ ಡ್ಯಾಮಿನ ನೀರಾಗ ಹೋತು" ಎಂದರು. ಮತ್ತೆ ಉಂಡರು.

ನವೆಂಬರ್ 28, ಗುರುವಾರ

ಸಭೆ ಆಯಿತು. ಹೆಸರು, ಊರು, ಗಿಡ. ಒಬ್ಬರೂ ಏನೆಂದು ಕೇಳಲಿಲ್ಲ. ಮುತ್ತು ತನ್ನ ನಾನೂರಾ ಹತ್ತನ್ನು ಎಲ್ಲರಿಗೂ ಬೆರಳಿಟ್ಟು ತೋರಿಸಿದ. ಶೇವಂತೆವ್ವ ಮಾತ್ರ ಬೇಸರ ಮಾಡಿಕೊಂಡಳು. "ಹೋದ ವರ್ಷ ಎಪ್ಪತ್ತೈದು, ಈ ವರ್ಷನೂ ಎಪ್ಪತ್ತೈದು. ನಂದು ಒಂದು ಹೆಚ್ಚಾಗಬೇಕಿತ್ತಲ್ಲ" ಎಂದಳು. ಅದು ಗಿಡ ಎಂದು ತಿಳಿಸಿ ಹೇಳುವಷ್ಟರಲ್ಲಿ ಚಹಾ ಆರಿತು. ಪರಸಪ್ಪನವರ ಖುರ್ಚಿ ಉಳಿಯಿತು. ಅವರು ಎಲ್ಲರ ಮುಂದೆ, "ನಮ್ಮ ಬಾಯಾರ ತಲಿ ಅಂದ್ರ ತಲಿ" ಎಂದರು. ನನಗೆ ಬಹಳ ಸಂತೋಷವಾಯಿತು, ಅದನ್ನು ಇಲ್ಲಿ ಯಾಕೆ ಮುಚ್ಚಿಡಲಿ.

ಕಾಗದ ಎತ್ತಿಡುವಾಗ ಮಾಳಿಂಗ ಪಟ್ಟಿಯ ಕೊನೆಗೆ ಬೆರಳಿಟ್ಟು, "ಬಾಯಾರ, ಇದನ್ನ ಮಾಡಿದಾಕಿ ಸುವರ್ಣಾ ಅಂತ ಐತಲ್ಲ. ಯಾರ್ರೀ ಅಕಿ?" ಎಂದ. ನೋಡಿದರೆ ಹೌದು, "ಸಿದ್ಧಪಡಿಸಿದವರು: ಸುವರ್ಣಾ" ಎಂದು ನಾನೇ ಹೊಡೆದಿದ್ದೇನೆ. ಕೆಲಸದ ಗಡಿಬಿಡಿ. ನೂರಾ ಅರವತ್ತು ಪ್ರತಿ ಮತ್ತೆ ಯಾರು ಮುದ್ರಿಸುತ್ತಾರೆ ಎಂದು ಹಾಗೇ ಬಿಟ್ಟೆ.

ಡಿಸೆಂಬರ್ 6, ಶುಕ್ರವಾರ

ನಿನ್ನೆ ಮದುವೆ. ನಿನ್ನೆ ಬರೆಯಲು ಆಗಲಿಲ್ಲ.

ತಾಳಿ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಆಯಿತು. ಭಟ್ಟರು ಅಕ್ಕಿ ತಟ್ಟೆ ತರಲು ಹೇಳಿದರು. ಅತ್ತೆಯವರು ಅದನ್ನು ಇಂಡಿಯಿಂದಲೇ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದರು. ಅವರಿಗೊಂದು ಕುರ್ಚಿ ಹಾಕಿದೆವು. ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿದರು. ಧೀರೇಂದ್ರ ಉಂಗುರ ಹಿಡಿದು ಬೆವರುತ್ತಿದ್ದ. ಮೃಣಾಲಿನಿ ಆಗಲೇ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು ಏಳಲು ಸಿದ್ಧವಾಗಿ ಕುಳಿತಿದ್ದಳು. ಇವರು ಎಲ್ಲಿದ್ದಾರೆ ಎಂದು ನೋಡಿದೆ. ಓಡಿಹೋಗಿರಲಿಲ್ಲ, ನನ್ನ ಬೆನ್ನ ಹಿಂದೆ ನಿಂತಿದ್ದರು.

"ಬರಿ" ಎಂದರು ಅತ್ತೆಯವರು.

"ಏನ ಬರೀಲಿ ಅಜ್ಜಿ?"

"ಕಟಗೊಂಡಾಕಿ ಹೆಸರ ಗೊತ್ತಿಲ್ಲೇನು ನಿನಗ? ಆಕಿ ಅಪ್ಪ ಇಟ್ಟದ್ದನ್ನ ಬರಿ. ಮನ್ಯಾಗ ನಾ ಭಾಗೀರಥಿ ಅಂತ ಕರೀತೀನಿ, ಅದು ನನ್ನ ಬಾಯಿ ಮಾತು. ತಟ್ಟಿಯೊಳಗಿಂದು ಆಕಿದು."

ಧೀರೇಂದ್ರ ಬರೆದ. ಅಕ್ಕಿಯ ಮೇಲೆ ಮೃ ಅಕ್ಷರದ ವಟ್ರಸುಳಿ ಮೂಡಿಸಲು ಮೂರು ಸಲ ಅಳಿಸಬೇಕಾಯಿತು. ಮೃಣಾಲಿನಿ ನೆರಿಗೆ ಬಿಟ್ಟಳು. ಬೀಗರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. ನಾನು ಅಳಬಾರದೆಂದು ಭಟ್ಟರ ಪಂಚಪಾತ್ರೆ ನೋಡುತ್ತ ನಿಂತೆ.

ಆಗಿಹೋಯಿತೆಂದು ಎಲ್ಲರೂ ಊಟದ ಕಡೆ ತಿರುಗಿದರು. ಅತ್ತೆಯವರು ಮಾತ್ರ ತಟ್ಟೆ ಬಿಡಲಿಲ್ಲ. ಒಮ್ಮೆ ಅಲುಗಾಡಿಸಿ ಅಕ್ಕಿಯನ್ನು ಮತ್ತೆ ಸಮ ಮಾಡಿಕೊಂಡು, ಬಗ್ಗಿ, ತೋರುಬೆರಳಿನಿಂದ ತಾವೇ ಏನೋ ಬರೆದರು. ಎರಡೇ ಅಕ್ಷರ. ಬರೆದು ತಟ್ಟೆಯನ್ನು ಮೃಣಾಲಿನಿಯ ಕಡೆ ತಿರುಗಿಸಿದರು.

"ನಿನ್ನ ನಲ್ಲು" ಎಂದರು. "ನಾ ಹೇಳೂ ಹಂಗಿಲ್ಲ. ನಮ್ಮ ಮಾವಂದೂ ಅದ ಆಗಿತ್ತು. ಬರೀಲಿಕ್ಕೆ ಅಡ್ಡಿಯಿಲ್ಲ."

ನಾನು ಇಣುಕಿ ನೋಡಿದೆ. ಹೊಳೆಯ ದಂಡೆಯಲ್ಲಿ ಹುಟ್ಟಿದ ಮಗಳಿಗೆ ಹೊಳೆಯ ಹೆಸರನ್ನೇ ಇಟ್ಟಿದ್ದರು. ಅರವತ್ತನಾಲ್ಕು ವರ್ಷ ಅವರು ಬಾಯಿಂದ ಹೊರಗೆ ಬಿಡದೆ ಇದ್ದದ್ದು ಬರೀ ಮಾವನ ಹೆಸರಲ್ಲ. ನನ್ನ ಬಾಯಿಗೂ ಬಂತು, ಆದರೆ ರೂಢಿಯಂತೆ ನುಂಗಿಕೊಂಡೆ.

ನಮ್ಮ ಈ ನಿಯಮ ತನಗೂ ಹತ್ತುತ್ತದೆ ಎಂದು ಮೃಣಾಲಿನಿಗೆ ಯಾರೂ ಹೇಳಿರಲಿಲ್ಲ. ದಿನಾ ಕ್ಲಾಸಿನಲ್ಲಿ ಹಾಜರಿ ಕರೆಯುವವಳು. ತಟ್ಟೆಯ ಮೇಲೆ ಬಗ್ಗಿ, ಓದಿ, ತಲೆ ಎತ್ತಿ, ಇಡೀ ಮಂಟಪಕ್ಕೆ ಕೇಳುವ ಹಾಗೆ ಕರೆದಳು.

"ಕೃಷ್ಣಾ."

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಇವರು ನನ್ನ ತೋಳು ಹಿಡಿದುಕೊಂಡರು.

"ಓ" ಎಂದರು ಅತ್ತೆಯವರು.

ಆ ದನಿಯನ್ನು ನಾನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವರು ತಟ್ಟೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಮೃಣಾಲಿನಿಯ ಮುಖ ನೋಡಿ ಹೇಳಿದರು.

"ಇನ್ನೊಮ್ಮಿ ಕರಿ."